ಕಾಲು ಗಂಟೆ ನೀರು

"ಕೈ ಆಚೆ ಇಡೇ, ಹೇಸಿಗೆ. ನನ್ನ ಕಾಗದದ ಮೇಲೆ ಸಿಪ್ಪೆ ಉದುರಿಸ್ತೀಯ."

ಆರೋಗ್ಯ ತಪಾಸಣೆಯ ಸಾಹೇಬ ಹೀಗೆಂದಾಗ ನಾನು ಈಜುಕೊಳದ ಅಂಚಿನಲ್ಲಿ ಮಂಡಿಯೂರಿ ಕ್ಲೋರಿನ್ ಪುಡಿಯ ಡ್ರಮ್ಮನ್ನು ಅವನ ಕಡೆ ವಾಲಿಸಿ ಹಿಡಿದಿದ್ದೆ. ವಾಲಿಸು ಎಂದವನು ಅವನೇ. ಡ್ರಮ್ಮಿನ ಮೇಲಿನ ಚೀಟಿ ಓದಲು ಬಗ್ಗಿದವನ ಕಣ್ಣು ನನ್ನ ಬೆರಳುಗಳ ಮೇಲೆ ಬಿದ್ದಿತ್ತು. ಗೆಣ್ಣುಗಳು ಕೆಂಪಗೆ ಬಿರಿದಿದ್ದವು, ಬೆರಳ ಸಂದಿಯಲ್ಲಿ ಚರ್ಮ ಏಳುತ್ತಿತ್ತು.

"ಪುಡಿ ಸುಟ್ಟಿದ್ದು ಸಾಹೇಬ್ರೆ" ಎಂದೆ. "ಗ್ಲೌಸು ಹರ್ದೋಗವೆ. ಹಿಮ ಕರಗ್ದಾಗಿಂದ ಕೇಳ್ತಾನೇ ಇವ್ನಿ."

"ಗ್ಲೌಸಿನ ಪುರಾಣ ಯಾರು ಕೇಳಿದ್ರು? ಇದು ಕಜ್ಜಿ." ಅವನು ನನ್ನ ಧಣಿ ಡಮಿರಾಳ ಕಡೆ ತಿರುಗಿದ. "ಕಜ್ಜಿ ಇರೋಳನ್ನ ಊಟ ಮಾಡೋರ ಹತ್ರ ಬಿಟ್ಕೊಂಡಿದ್ದೀರಲ್ಲಮ್ಮ?"

"ಅಯ್ಯೋ, ಗೊತ್ತೇ ಇರ್ಲಿಲ್ಲ ಅಣ್ಣಾ" ಎಂದಳು ಡಮಿರಾ. ಆ ಕೈಗೆ ದಿನಾ ಕೆಲಸ ಹೇಳುತ್ತಿದ್ದವಳಿಗೆ ಗೊತ್ತಿರಲಿಲ್ಲವಂತೆ. "ಇವತ್ತಿಂದ ಒಳಕ್ಕೆ ಕಾಲಿಡ್ಸಲ್ಲ."

ಸಾಹೇಬ ಕೊಳ ಚೆನ್ನಾಗಿದೆ ಎಂದು ಬರೆದುಕೊಂಡು ಹೋದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೊಳ ಪಾಸಾಯಿತು, ಫೇಲಾದವಳು ನಾನು.

ಡಮಿರಾ ನಡೆಸುವ ಈ ರಜೆಮನೆಯಿಂದ ಇನ್ನೂರು ಹೆಜ್ಜೆ ನಡೆದರೆ ಇಸಿಕ್ ಕುಲ್ ಸರೋವರ. ಒಂದು ಜಿಲ್ಲೆಯನ್ನೇ ಮುಳುಗಿಸುವಷ್ಟು ನೀರು. ಆದರೂ ನಗರದಿಂದ ಬರುವವರಿಗೆ ಬೆಚ್ಚಗಿನ, ನೀಲಿ ಬಣ್ಣದ, ಮೂಗಿಗೆ ಹೊಡೆಯುವ ನೀರೇ ಬೇಕು. ಅದಕ್ಕೆ ಕೊಳ, ಕೊಳಕ್ಕೆ ಪುಡಿ, ಪುಡಿಗೆ ನಾನು.

ಪುಡಿಯ ಕೆಲಸ ಬೆಳಗಿನದು. ಮಧ್ಯಾಹ್ನ ನನಗೆ ಬೇರೊಂದು ಕೆಲಸವಿತ್ತು, ನಾನು ಬದುಕಿದ್ದುದೇ ಅದಕ್ಕಾಗಿ. ಹುಲ್ಲಿನ ಮೇಲೆ ಡಮಿರಾ ಒಂದು ದೊಡ್ಡ ಬಿಳಿ ಉಣ್ಣೆಯ ಗುಡಾರ ಹಾಕಿಸಿದ್ದಾಳೆ. ಅತಿಥಿಗಳು ಅಲ್ಲಿ ನೆಲದ ಮೇಲೆ ಸುತ್ತ ಕೂರುತ್ತಾರೆ. ಅವರು ಮಾಂಸ ಮುಟ್ಟುವ ಮುಂಚೆ ಬಾಗಿಲಿಂದ ಒಬ್ಬಳು ಗಿಂಡಿ, ಬೋಗುಣಿ ಹಿಡಿದು, ಹೆಗಲಿಗೆ ಟವೆಲ್ ಹಾಕಿಕೊಂಡು ಬಂದು, ಹಿರಿಯರಿಂದ ಶುರು ಮಾಡಿ ಎಲ್ಲರ ಕೈಗೂ ನೀರು ಸುರಿಯಬೇಕು. ಕೈ ತೊಳೆದವರು ನೀರು ಕೊಡವುವಂತಿಲ್ಲ. ಟವೆಲಿಗೆ ಒರೆಸಿ, ಸುರಿದವಳಿಗೆ ಒಂದು ಒಳ್ಳೆಯ ಮಾತು ಹೇಳಬೇಕು. ನೂರು ವರ್ಷ ಬಾಳು, ನಿನ್ನ ಒಲೆ ಆರದಿರಲಿ, ಮನೆ ತುಂಬ ಮಕ್ಕಳಾಗಲಿ, ಹೀಗೆ.

ನನಗೆ ನಲವತ್ತಮೂರು. ಗಂಡ ಸತ್ತು ಹದಿನಾಲ್ಕು ವರ್ಷ, ಮಕ್ಕಳಿಲ್ಲ. ಮಕ್ಕಳಾಗಲಿ ಎಂದು ಮುದುಕರು ಹರಸಿದಾಗ ಒಳಗೊಳಗೇ ನಗು ಬರುತ್ತಿತ್ತು. ಆದರೂ ಹನ್ನೊಂದು ಬೇಸಿಗೆ ಆ ಮಾತುಗಳನ್ನು ಕೇಳಿಸಿಕೊಂಡೆ. ಊಲ್ಕಾನ್ ಎಂಬ ನನ್ನನ್ನು ದಿನಕ್ಕೊಮ್ಮೆ ಯಾರಾದರೂ ಮನುಷ್ಯಳೆಂದು ನೋಡುತ್ತಿದ್ದ ಹೊತ್ತು ಅದೊಂದೇ.

ಸಾಹೇಬ ಹೋದ ಮಾರನೆಯ ದಿನ ಗಿಂಡಿ ಜಾನಿಲಳ ಕೈ ಸೇರಿತು.

ಜಾನಿಲ್ ಬೆಟ್ಟದಾಚೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದ ಹುಡುಗಿ, ಇಪ್ಪತ್ತೆರಡು ವರ್ಷ. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಹಿಟ್ಟು ನಾದಿದ ಕೈ, ನಾದಿದ ಹಿಟ್ಟಿನ ಹಾಗೇ ಇತ್ತು. ಅವಳು ಗಿಂಡಿ ಬಗ್ಗಿಸಿದರೆ ಮುದುಕರು ನೀರು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ನನಗೆ ಒಂದು ಮಾತಿನಲ್ಲಿ ಮುಗಿಸುತ್ತಿದ್ದ ಹಾರೈಕೆ ಅವಳಿಗೆ ಮೂರು ಮಾತಾಗುತ್ತಿತ್ತು. ನಾನು ಗುಡಾರದ ಹೊರಗೆ ಚಹಾದ ನೀರು ಕಾಯಿಸುವ ಸಮೋವರಿನ ಬೆಂಕಿಗೆ ಪೈನ್ ಕಾಯಿ ತುರುಕುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಕೇಳಿ ಕೇಳಿ ಹೊಟ್ಟೆ ಉರಿಯುತ್ತಿತ್ತು. ಕೈಯ ಉರಿ ಅದರ ಮುಂದೆ ಏನೂ ಅಲ್ಲ.

ಡಮಿರಾ ನನ್ನ ಚಹಾ ಬಟ್ಟಲಿಗೆ ತನ್ನ ಉಗುರುಬಣ್ಣದಿಂದ ಕೆಂಪು ಗುರುತು ಹಾಕಿ ಹೊರಗಿನ ಕಿಟಕಿಕಟ್ಟೆಯ ಮೇಲಿಟ್ಟಳು. ಆ ಬಟ್ಟಲಿಗೆ ಚಹಾ ಹಾಕುವ ಕೆಲಸವೂ ಜಾನಿಲಳದೇ. ತಾಗದ ಹಾಗೆ ಮೇಲಿನಿಂದ ಹೊಯ್ಯುತ್ತಿದ್ದಳು.

"ಬೇಜಾರ್ ಮಾಡ್ಕೋಬೇಡಿ ಅಕ್ಕಾ, ಅವ್ರು ನೋಡ್ತಾವ್ರೆ" ಎನ್ನುತ್ತಿದ್ದಳು.

"ನಿನ್ ಬೇಜಾರು ನೀನೇ ಮಡಿಕ್ಕೊ."

ಅವಳ ಮೇಲೆ ತಪ್ಪು ಹೊರಿಸಲು ಏನೂ ಇರಲಿಲ್ಲ. ಅದರಿಂದಲೇ ಹೆಚ್ಚು ಸಿಟ್ಟು ಬರುತ್ತಿತ್ತು.

ಕೈ ಇಷ್ಟು ಕೆಟ್ಟದ್ದು ಕ್ಲೋರಿನ್ನಿನಿಂದ ಮಾತ್ರ ಅಲ್ಲ, ನನ್ನ ಪೆದ್ದುತನದಿಂದಲೂ. ನಮ್ಮಲ್ಲಿ ಕೆಮ್ಮಿಗೆ, ಸುಟ್ಟದ್ದಕ್ಕೆ, ಮಗುವಿನ ಹೊಟ್ಟೆನೋವಿಗೆ, ಎಲ್ಲಕ್ಕೂ ಒಂದೇ ಮದ್ದು: ಕುರಿಯ ದಪ್ಪ ಬಾಲದ ಕೊಬ್ಬು. ಮೊದಲ ಸಲ ಪುಡಿ ಅಂಟಿ ಉರಿದಾಗ ನಾನೂ ಕೊಬ್ಬು ಬಳಿದು ಬಟ್ಟೆ ಸುತ್ತಿದೆ. ಮೂರು ದಿನ ಬಿಟ್ಟು ಬಿಚ್ಚಿದಾಗ ಬಟ್ಟೆಯ ಜೊತೆ ಚರ್ಮವೂ ಬಂತು. ಆಸ್ಪತ್ರೆಯ ಕಾಂಪೌಂಡರ್ ಮುದುಕ ಅದನ್ನು ನೋಡಿ ತಲೆ ಚಚ್ಚಿಕೊಂಡ.

"ಪುಡಿ ಮ್ಯಾಲೆ ಕೊಬ್ಬು ಬಳುದ್ರೆ ಏನಾದದೇ? ಒಳಗೇ ಕೂಡಾಕ್ಕೊಂಡು ಬಾಗ್ಲು ಹಾಕ್ದಂಗೆ. ಅದು ತಿಂತಾನೇ ಇರ್ತದೆ. ಮೊದ್ಲು ಒಣಗಿರೋದ್ನ ಕೊಡವು. ಉಂಗುರ ಗಿಂಗುರ ತೆಗಿ. ಆಮೇಲೆ ನೀರು. ಬರೀ ನೀರು. ಗಡಿಯಾರ ನೋಡ್ಕೊಂಡು ಕಾಲು ಗಂಟೆ. ಎಲ್ಡು ನಿಮ್ಷ ತೊಳ್ದು ಆಯ್ತು ಅನ್ಬೇಡ. ವಿನೆಗರ್ ಹಾಕ್ಬೇಡ, ಮಸರು ಹಾಕ್ಬೇಡ, ನಿಮ್ಮಜ್ಜಿ ಹೇಳಿದ್ದು ಒಂದೂ ಹಾಕ್ಬೇಡ."

ಅವನನ್ನು ಬಿಟ್ಟರೆ ಊರಿನಲ್ಲಿ ಇದು ಗೊತ್ತಿದ್ದವಳು ನಾನೊಬ್ಬಳೇ. ಯಾರಿಗೂ ಹೇಳಲಿಲ್ಲ. ಕಜ್ಜಿಯವಳ ಮಾತು ಯಾರಿಗೆ ಬೇಕಿತ್ತು?

ಜುಲೈ ತಿಂಗಳ ಒಂದು ಭಾನುವಾರ ಕೊಳಕ್ಕೆ ಜನ ಮುಗಿಬಿದ್ದರು. ಸೋಮವಾರ ಬೆಳಗ್ಗೆ ಕೊಳ ಹಸಿರಾಗಿತ್ತು. ಅಂದೇ ಮಧ್ಯಾಹ್ನ ಸಾಹೇಬ ತನ್ನ ಹೆಂಡತಿಯನ್ನೂ ಮಾವನನ್ನೂ ಕರೆದುಕೊಂಡು ಊಟಕ್ಕೆ ಬರುವವನಿದ್ದ.

"ಊಲ್ಕಾನ್, ಸತ್ತೆ ಕಣೇ ನಾನು" ಎಂದು ಡಮಿರಾ ಕೊಳದ ಸುತ್ತ ಓಡಾಡಿದಳು. "ಎಲ್ಲಾ ಪುಡಿ ಸುರೀರಿ. ಜಾನಿಲ್, ನೀನೂ ಕೈ ಹಾಕೇ, ನಿಂತ್ಕೊಂಡು ಏನ್ ನೋಡ್ತೀಯ?"

ಹರಿದು ಅಂಟು ಹಾಕಿದ ಒಂದೇ ಜೊತೆ ಗ್ಲೌಸಿತ್ತು. ನಾನು ಹಾಕಿಕೊಂಡೆ. ಜಾನಿಲ್ ಬಕೆಟ್ಟು ತೊಳೆದ ಒದ್ದೆ ಕೈಯನ್ನೇ ಡ್ರಮ್ಮಿಗೆ ಹಾಕಿದಳು. ಪುಡಿ ಗಂಟು ಕಟ್ಟಿತ್ತು. ಅವಳು ಹಿಟ್ಟಿನ ಗಂಟು ಒಡೆಯುವ ಹಾಗೆ ಅಂಗೈಯಲ್ಲಿ ಹಿಸುಕಿ ಒಡೆಯತೊಡಗಿದಳು. ಬೇಡ ಎನ್ನಬಹುದಿತ್ತು. ನನ್ನ ಬಕೆಟ್ಟು ತುಂಬಿಕೊಂಡೆ.

ಹತ್ತು ನಿಮಿಷವಾಗಿರಬೇಕು. "ಅಕ್ಕಾ, ಉರೀತದೆ" ಎಂದಳು.

"ಉರೀಲೇಬೇಕಲ್ಲ."

"ತಡ್ಯಕ್ಕಾಗ್ತಿಲ್ಲ ಅಕ್ಕಾ. ಏನ್ ಮಾಡ್ಲಿ?"

ಕೊಳದ ಪಕ್ಕದಲ್ಲೇ ನಲ್ಲಿಯಿತ್ತು. ನಾಲ್ಕು ಹೆಜ್ಜೆ. ನಾನು ನಲ್ಲಿಯನ್ನು ನೋಡಿದೆ, ಆಮೇಲೆ ಅವಳ ಕೈ ನೋಡಿದೆ.

"ಅಡುಗೆಮನೇಲಿ ಬಾಲದ ಕೊಬ್ಬು ಅದೆ" ಎಂದೆ. "ದಪ್ಪಕ್ಕೆ ಬಳ್ಕೊ."

ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಎನ್ನುತ್ತಾರಲ್ಲ, ಅದನ್ನೇ ಮಾಡಿದೆ. ಅವಳು ನಿಮಗೆ ಪುಣ್ಯ ಬರಲಿ ಅಕ್ಕಾ ಎಂದು ಹೇಳಿ ಓಡಿದಳು. ನನಗೆ ಬೇಕಾಗಿದ್ದುದು ಇಷ್ಟೇ: ಅವಳ ಕೈಯೂ ನನ್ನ ಕೈಯ ಹಾಗೆ ಆಗಬೇಕು, ಗಿಂಡಿ ನನಗೆ ವಾಪಸು ಬರಬೇಕು.

ಮಧ್ಯಾಹ್ನ ಸಾಹೇಬನ ಪರಿವಾರ ಗುಡಾರದಲ್ಲಿ ಕೂತಿತು. ಡಮಿರಾ ಜಾನಿಲಳ ಕೈ ನೋಡಿ ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಹೊಸಬಳನ್ನು ಹುಡುಕಲು ಹೊತ್ತಿರಲಿಲ್ಲ. ಬೀರುವಿನಿಂದ ಮದುವೆ ಊಟ ಬಡಿಸುವವರು ಹಾಕುವ ಬಿಳಿ ಬಟ್ಟೆಯ ಗ್ಲೌಸು ತಂದು, ಕೊಬ್ಬು ಮೆತ್ತಿದ್ದ ಆ ಕೈಗೆ ತಾನೇ ತುರುಕಿದಳು. ಆ ಬೀರುವಿನಲ್ಲಿ ಹನ್ನೆರಡು ಜೊತೆ ಗ್ಲೌಸು ಮಡಚಿಟ್ಟಿದ್ದನ್ನು ನಾನು ಬಾಗಿಲಿನಿಂದ ಎಣಿಸಿದೆ.

"ನಗ್ತಾ ಸುರಿ. ಅಳು ಮೋರೆ ತೋರ್ಸಿದ್ರೆ ಹಲ್ಲು ಉದುರ್ಸ್ತೀನಿ."

ಶಾವಿಗೆಯ ಮೇಲೆ ಮಾಂಸ ಹರಡಿದ ದೊಡ್ಡ ತಟ್ಟೆ ಆಗಲೇ ಒಳಗೆ ಹೋಗಿತ್ತು. ಬೇಯಿಸಿದ ಕುರಿಯ ತಲೆಯನ್ನು ಮರ್ಯಾದೆಗೆಂದು ಸಾಹೇಬನ ಮಾವನ ಮುಂದೆ ಇಟ್ಟಿದ್ದರು. ನಾನು ಹೊರಗೆ ಸಮೋವರ್ ಹತ್ತಿರ ಕೂತು ತೆರೆದ ಬಾಗಿಲಿನಿಂದ ನೋಡುತ್ತಿದ್ದೆ. ಮಾವನ ಕೈಗೆ ಹೇಗೋ ಸುರಿದಳು. ಸಾಹೇಬನ ಸರದಿ ಬಂದಾಗ ಗಿಂಡಿ ನಡುಗಿತು. ನೀರು ಅವನ ಅಂಗಿಯ ತೋಳಿನೊಳಗೆ ಹೋಯಿತು.

"ಕಣ್ಣು ಕುರುಡಾಗಿದೆಯೇನೆ, ಕತ್ತೆ?" ಎಂದು ಅವನು ಅವಳ ಕೈಯನ್ನು ಹಿಡಿದು ಹಿಂಡಿದ.

ಜಾನಿಲ್ ಕಿರುಚಿದಳು. ಕುರಿ ಕೊಯ್ಯುವಾಗಲೂ ಅಂಥ ಸದ್ದು ಬರುವುದಿಲ್ಲ.

ಡಮಿರಾ ಅವಳನ್ನು ಪಕ್ಕಕ್ಕೆ ನೂಕಿ ಬಾಗಿಲ ಕಡೆ ನೋಡಿದಳು. "ಊಲ್ಕಾನ್, ಬಾರೆ ಒಳಕ್ಕೆ. ಇವಳ ಗ್ಲೌಸು ನೀನಾಕ್ಕೊಂಡು ಸುರಿ. ಗ್ಲೌಸು ಇದ್ರೆ ನಡೀತದಲ್ವಾ ಅಣ್ಣಾ?"

"ಮೈ ಮುಟ್ಟದಿದ್ರೆ ಆಯ್ತು" ಎಂದ ಸಾಹೇಬ, ತೋಳು ಹಿಂಡಿಕೊಳ್ಳುತ್ತಾ.

ನಾನು ಬಯಸಿದ್ದು ಬಂದೇ ಬಿಟ್ಟಿತ್ತು. ಎದ್ದು ಒಳಗೆ ಹೋದೆ. ಬಿಳಿ ಉಣ್ಣೆಹಾಸಿನ ಮೇಲೆ ಮಸಿ ಹತ್ತಿದ ನನ್ನ ಬೂಟುಗಳ ಗುರುತುಗಳು ಬಿದ್ದವು. ಬೂಟು ಬಿಚ್ಚಬೇಕೆಂಬ ಎಚ್ಚರವೇ ನನಗಿರಲಿಲ್ಲ. ಜಾನಿಲಳ ಗ್ಲೌಸಿನ ಬೆರಳ ತುದಿ ಹಿಡಿದು ಮೆಲ್ಲಗೆ ಎಳೆದೆ. ಕೊಬ್ಬು ಬಂತು, ಅದರ ಜೊತೆ ಚರ್ಮವೂ ಬಂತು. ಅಡಿಯಲ್ಲಿ ಕೆಂಪು ಮಾಂಸ. ಸಂದಿಯಲ್ಲಿ ಪುಡಿಯ ಬಿಳಿ ಕಣಗಳು ಇನ್ನೂ ಹಾಗೇ ಇದ್ದವು.

ನಾನು ಅವಳನ್ನು ಬೋಗುಣಿಯ ಮುಂದೆ ಕೂರಿಸಿದೆ. ಮದುವೆಯ ಉಂಗುರ ತೆಗೆದು ಅವಳ ಮಡಿಲಿಗೆ ಹಾಕಿದೆ. ಗಿಂಡಿ ಎತ್ತಿ ಅವಳ ಕೈಗೆ ಸುರಿಯತೊಡಗಿದೆ.

ಸಾಹೇಬ ಕೈ ಮುಂದೆ ಚಾಚಿಕೊಂಡೇ ಕೂತಿದ್ದ.

"ನನ್ನ ಕೈ ಇಲ್ಲಿದೆ" ಎಂದ.

"ಕಾಣಿಸ್ತದೆ. ಅದಕ್ಕೇನಾಗದೆ? ಸ್ವಲ್ಪ ಕಾಯ್ರಿ."

"ಊಲ್ಕಾನ್" ಎಂದಳು ಡಮಿರಾ, ಹಲ್ಲು ಕಚ್ಚಿ. "ಹುಚ್ಚು ಹಿಡೀತೇನೆ ನಿಂಗೆ?"

"ಕಾಲು ಗಂಟೆ ಸುರೀಬೇಕು. ಸಾಹೇಬ್ರೆ, ಗಡಿಯಾರ ನಿಮ್ಮ ಕೈಲದೆ, ನೋಡ್ಕೊಂಡು ಹೇಳಿ. ಆರೋಗ್ಯದ ಇಲಾಖೆಯೋರು, ನಿಮಗೆ ಗೊತ್ತಿರ್ಬೇಕು."

"ಈ ಕಜ್ಜಿ ನಾಯಿನ ಮೊದ್ಲು ಹೊರಕ್ಕೆ ಹಾಕಿ" ಎಂದ ಅವನು.

"ಇವತ್ತೇ ಗಂಟುಮೂಟೆ ಕಟ್ಟು" ಎಂದಳು ಡಮಿರಾ. "ಈ ಕೆರೆ ಸುತ್ತ ಎಲ್ಲೂ ನಿಂಗೆ ಕೆಲಸ ಸಿಗದಂಗೆ ಮಾಡ್ತೀನಿ."

"ಕಟ್ತೀನಿ. ಇನ್ನೂ ಹನ್ನೆರಡು ನಿಮ್ಷ ಅದೆ."

ಸಾಹೇಬ ಏಳಲು ನೋಡಿದ. ಆದರೆ ಕುರಿಯ ತಲೆ ಮಾವನ ಮುಂದಿತ್ತು, ಮಾವ ಅಲುಗಾಡಲಿಲ್ಲ. ಹಿರಿಯ ಏಳದೆ ಕಿರಿಯ ಏಳುವಂತಿಲ್ಲ, ಕೈ ತೊಳೆಯದೆ ತಟ್ಟೆ ಮುಟ್ಟುವಂತಿಲ್ಲ. ಎಲ್ಲರೂ ಮೊಣಕಾಲ ಮೇಲೆ ಕೈಯಿಟ್ಟು ಕೂತರು. ಶಾವಿಗೆಯ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟತೊಡಗಿತು. ಮೊದಲ ಗಿಂಡಿ ಮುಗಿಯಿತು. ಅತಿಥಿಗಳಿಗೆಂದು ಬಾಗಿಲ ಬಳಿ ಇಟ್ಟಿದ್ದ ಎರಡನೆಯದನ್ನು ಎತ್ತಿಕೊಂಡೆ.

ನನ್ನ ಕೈ ಸುಟ್ಟಾಗ ಯಾರೂ ಹೀಗೆ ಸುರಿಯಲಿಲ್ಲ. ಸುರಿಯುವಾಗಲೂ ಆ ಹೊಟ್ಟೆಕಿಚ್ಚು ನನ್ನೊಳಗಿತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

"ಈಗ ತಣ್ಣಗಾಯ್ತಾ ಅದೆ ಅಕ್ಕಾ" ಎಂದಳು ಜಾನಿಲ್, ತುಟಿ ಕಚ್ಚಿಕೊಂಡು. "ನೀವಿಲ್ದಿದ್ರೆ..."

ಅದನ್ನು ಕೇಳಲು ನನಗಾಗಲಿಲ್ಲ.

"ಕೊಬ್ಬು ಬಳ್ಕೊ ಅಂದೋಳು ನಾನು" ಎಂದೆ. ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ. "ನೀರಾಕ್ಬೇಕು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ಕೊಬ್ಬು ಅಂದೆ. ನಿನ್ ಕೈ ಹಾಳಾಗ್ಲಿ ಅಂತ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಕೈ ಎಳೆದುಕೊಂಡು ನನ್ನ ಕೆನ್ನೆಗೆ ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದೂ ಅನ್ನಿಸಿತು. ಅಷ್ಟರಲ್ಲಿ ಎರಡನೆಯ ಗಿಂಡಿಯ ನೀರು ತೊಟ್ಟಿಕ್ಕಿ ನಿಂತಿತು. ಅವಳು ಕೈಗಳನ್ನು ಬೋಗುಣಿಯ ಮೇಲೆ ಹಾಗೇ ಚಾಚಿಕೊಂಡು ಕೂತಿದ್ದಳು.

"ನಿಲ್ಲಿಸ್ಬೇಡ ಕಣೇ, ಮುಂಡೆ" ಎಂದಳು. "ಸುರಿ."

ನಾನು ಅತಿಥಿಗಳ ಮುಂದಿದ್ದ ಕುಡಿಯುವ ನೀರಿನ ಹೂಜಿಗೆ ಕೈ ಹಾಕಿದೆ.