ಕಪ್ಪು ದಾರ

"ಎ.ಸಿ. ಕಂಪ್ರೆಸರ್ ಹೋಗಿದೆ," ಎಂದ ಮೇಸ್ತ್ರಿ, ಬಾನೆಟ್ ಎತ್ತುವ ಮೊದಲೇ.

ಶೆಡ್ಡಿನ ಹೊಸ ಮೆಕ್ಯಾನಿಕ್ ಹುಡುಗಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಹೋದ ವಾರ ಈ ಕಾರಿನ ಮುಂದಿನ ಬಂಪರ್ ಬಿಚ್ಚಿ, ನೆಗ್ಗಿದ್ದನ್ನು ಸರಿಮಾಡಿ, ರೇಡಿಯೇಟರ್ ಫ್ಯಾನ್ ಬದಲಾಯಿಸಿದವಳು ಅವಳೇ. ಯಾರ ನೆರವೂ ಇಲ್ಲದೆ ಮಾಡಿದ ಮೊದಲ ಕೆಲಸ. "ಗಾಡಿ ವಾಪಸ್ ಬಂತೋ, ನೀನು ಮತ್ತೆ ಬಕೆಟ್ ಹಿಡೀಬೇಕಾಗತ್ತೆ," ಎಂದು ಮೇಸ್ತ್ರಿ ಅವತ್ತೇ ಹೇಳಿಬಿಟ್ಟಿದ್ದ. ಎರಡು ವರ್ಷ ಗಾಡಿ ತೊಳೆದು, ಸಂಜೆ ತರಗತಿಗೆ ಹೋಗಿ ಕಲಿತು, ಸ್ಪ್ಯಾನರ್ ಕೈಗೆ ಬಂದು ಮೂರೇ ತಿಂಗಳಾಗಿತ್ತು.

ಗಾಡಿ ವಾಪಸ್ ಬಂದಿತ್ತು. ಎ.ಸಿ. ಹಾಕಿದರೆ ಬಿಸಿಗಾಳಿ.

"ಇಲ್ಲಿಗೆ ತಂದಾಗ ತಣ್ಣಗಿತ್ತು ಮೇಸ್ತ್ರಿ, ಈಗ ಒಲೆ ಆಗಿದೆ," ಎಂದ ಡ್ರೈವರ್. ಡಯಾಲಿಸಿಸ್‌ಗೆ ಹೋಗುವವರನ್ನು ಆಸ್ಪತ್ರೆಗೆ ಕರೆದೊಯ್ದು ಕರೆತರುವುದು ಅವನ ಕೆಲಸ. "ಒಬ್ರು ಅಜ್ಜಿ ಇದಾರೆ. 'ಏನಪ್ಪಾ, ಮನೆಗೆ ಬಿಡ್ತೀಯೋ ಇಲ್ಲೇ ಹುರೀತೀಯೋ' ಅಂತಾರೆ. ಇಳಿಯೋ ಹೊತ್ತಿಗೆ ಅವರಿಗೆ ಮಾತಾಡೋಕೂ ತ್ರಾಣ ಇರಲ್ಲ."

"ಹಳೇ ಕಂಪ್ರೆಸರ್ ಅಣ್ಣ, ಅದರ ಕಾಲ ಮುಗೀತು. ಹೊಸದು ಹಾಕೋಣ," ಎಂದ ಮೇಸ್ತ್ರಿ.

ಅವಳು ಡ್ರೈವರ್ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದಳು. ಬಸ್ ಸ್ಟಾಪಿನವರೆಗೆ ಹೋದವಳು ನಟ್ಟು ಬಿಗಿ ಮಾಡಿದೆನೋ ಇಲ್ಲವೋ ಎಂದು ತಿರುಗಿ ಬರುವ ಸ್ವಭಾವ ಅವಳದು. ಬಿಚ್ಚಿದ ಪ್ರತಿ ವೈರಿನ ಪ್ಲಗ್ಗಿಗೂ ಒಂದು ತುಂಡು ಕೆಂಪು ದಾರ ಕಟ್ಟುತ್ತಿದ್ದಳು; ಮತ್ತೆ ಕೂಡಿಸಿದಾಗ ಬಿಚ್ಚಿ ಡಬ್ಬಿಗೆ ಹಾಕುತ್ತಿದ್ದಳು. ಕಟ್ಟಿದ್ದಕ್ಕೂ ಬಿಚ್ಚಿದ್ದಕ್ಕೂ ಕೊನೆಗೆ ಎಣಿಕೆ ತಾಳೆಯಾಗಬೇಕು. ಶೆಡ್ಡಿನವರೆಲ್ಲ ಅವಳನ್ನು 'ದಾರದಮ್ಮ' ಎಂದೇ ಕರೆಯುತ್ತಿದ್ದರು. ಅವತ್ತೂ ಎಣಿಸಿದ್ದಳು. ತಾಳೆಯಾಗಿತ್ತು.

ಸ್ಟೀರಿಂಗ್ ಮುಂದಿನ ಪರದೆಯ ಮೂಲೆಯಲ್ಲಿ ಸಣ್ಣದೊಂದು ಅಂಕಿ ಬೆಳಗಿತು: −40.

"ಅಣ್ಣ, ಇದು ಯಾವಾಗಿಂದ ಹೀಗಿದೆ?"

"ಅದಾ? ಒಂದು ವಾರ ಆಯ್ತು. ಗಡಿಯಾರ ಕೆಟ್ಟಿರ್ಬೇಕು ಅಂದ್ಕೊಂಡೆ."

ಗಡಿಯಾರವಲ್ಲ, ಹೊರಗಿನ ತಾಪಮಾನ. ತಗಡಿನ ಮಾಡಿನ ಕೆಳಗೆ ಮೂವರೂ ಬೆವರಿ ತೊಪ್ಪೆಯಾಗಿದ್ದರೆ, ಕಾರು ಮಾತ್ರ ತಾನು ಹಿಮದಲ್ಲಿ ನಿಂತಿದ್ದೇನೆಂದು ನಂಬಿಕೊಂಡಿತ್ತು. ಅಂಥ ಚಳಿಯಲ್ಲಿ ಅದು ಕಂಪ್ರೆಸರನ್ನು ತಿರುಗಲು ಬಿಡುವುದಿಲ್ಲ. ಹೊರಗಿನ ಶಾಖ ಅಳೆಯುವ ಸೆನ್ಸರ್ ಇರುವುದು ಬಂಪರಿನ ಹಿಂದೆ; ಅದರ ಪ್ಲಗ್ ಕಳಚಿದ್ದರೆ ಅಂಕಿ ಹೀಗೆಯೇ ತಪ್ಪುತ್ತದೆ. ಅಲ್ಲಿ ಕೈಯಾಡಿಸಿದವಳು ಅವಳೊಬ್ಬಳೇ.

ಅವಳ ಮುಖ ನೋಡಿಯೇ ಮೇಸ್ತ್ರಿಗೆ ಅರ್ಥವಾಯಿತು. ಕಿಟಕಿಗೆ ಬಗ್ಗಿ ಪಿಸುಗುಟ್ಟಿದ: "ಬಾಯಿ ಮುಚ್ಕೊಂಡಿರು ಮಹಾತಾಯಿ. ಕಂಪ್ರೆಸರ್ ಅಂದ್ರೆ ಯಾರ ತಪ್ಪೂ ಅಲ್ಲ. ನಿನ್ನ ಮರ್ಯಾದೆನೂ ಉಳಿಯುತ್ತೆ, ನಂದೂ ಉಳಿಯುತ್ತೆ."

ಅವಳು ಕೀಲಿ ಹಿಂದಕ್ಕೆ ತಿರುಗಿಸಿ, ಇಳಿದು ಡ್ರೈವರ್ ಎದುರು ನಿಂತಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

"ಕಂಪ್ರೆಸರ್‌ಗೆ ಏನೂ ಆಗಿಲ್ಲ ಅಣ್ಣ. ತಪ್ಪು ನಂದು."

ಟಾರ್ಚ್ ಹಿಡಿದು ಕಾರಿನ ಕೆಳಗೆ ತೂರಿದಳು. ಸೆನ್ಸರಿನ ಪ್ಲಗ್ ಅಲ್ಲೇ ಜೋತಾಡುತ್ತಿತ್ತು. ಅದರ ಕುತ್ತಿಗೆಗೆ, ಕಪ್ಪು ವೈರಿಗೆ ಅಂಟಿಕೊಂಡಂತೆ, ಒಂದು ತುಂಡು ಕಪ್ಪು ದಾರ. ಪ್ಲಗ್ ಕೂಡಿಸಿ ಹೊರಬಂದವಳು ದಾರವನ್ನು ಅಂಗೈಯಲ್ಲಿಟ್ಟು ತೋರಿಸಿದಳು.

"ಕೆಂಪು ಮುಗಿದಿತ್ತು, ಇದನ್ನ ಕಟ್ಟಿದೆ. ಎಣಿಸೋವಾಗ ಕೆಂಪು ಮಾತ್ರ ಎಣಿಸಿಬಿಟ್ಟೆ."

ಡ್ರೈವರ್ ದಾರವನ್ನೂ ಅವಳನ್ನೂ ನೋಡಿ, ಸೀಟಿನಲ್ಲಿ ಕೂತು ಇಂಜಿನ್ ಶುರು ಮಾಡಿ ಎ.ಸಿ. ಹಾಕಿದ. ಪರದೆಯ ಅಂಕಿ ಕ್ಷಣಹೊತ್ತು ಮಿಸುಕಲಿಲ್ಲ. ಆಮೇಲೆ ಮೂವತ್ತೆಂಟಕ್ಕೆ ಬಂದು ನಿಂತಿತು. ಬಾನೆಟ್ಟಿನೊಳಗೆ ಕಂಪ್ರೆಸರ್ 'ಟಕ್' ಎಂದು ತಿರುಗತೊಡಗಿತು. ಅವನು ಗಾಳಿ ಬರುವಲ್ಲಿ ಮುಖವೊಡ್ಡಿ ಕಣ್ಣು ಮುಚ್ಚಿದ.

"ಅಜ್ಜಿ ಇನ್ನು ಬೈಯೋಕೆ ಬೇರೆ ಏನಾದ್ರೂ ಹುಡುಕ್ಬೇಕು," ಎಂದ.

ಕಾರು ಹೋದ ಮೇಲೆ ಮೇಸ್ತ್ರಿ ಹೇಳಿದ: "ನನ್ನ ಮಾತು ಮಾತೇ. ನಾಳೆಯಿಂದ ಬಕೆಟ್."

"ವಾಪಸ್ ಬಂದಿದ್ದು ನನ್ನಿಂದ, ಒಪ್ಕೋತೀನಿ ಮೇಸ್ತ್ರಿ. ಸರಿಯಾಗಿದ್ದೂ ನನ್ನಿಂದಾನೇ. ಬಕೆಟ್ ಹಿಡಿಯಲ್ಲ." ಅವಳು ಕಪ್ಪು ದಾರವನ್ನು ಜೇಬಿಗೆ ತುರುಕಿಕೊಂಡಳು.

ಮರುದಿನ ಬೆಳಿಗ್ಗೆ ಅವಳ ಜಾಗದಲ್ಲಿ ನೀರು ತುಂಬಿದ ಬಕೆಟ್ ಕಾದಿತ್ತು. ಮೇಸ್ತ್ರಿ ದೂರದಿಂದಲೇ ನೋಡುತ್ತಿದ್ದ. ಅವಳು ನೀರನ್ನು ಚರಂಡಿಗೆ ಚೆಲ್ಲಿ, ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತಳು. ಎದುರಿಗೆ ನಿಂತಿದ್ದ ಇನ್ನೊಂದು ಕಾರಿನ ಬಂಪರಿನ ಮೊದಲ ಸ್ಕ್ರೂ ಬಿಚ್ಚತೊಡಗಿದಳು. ಹೊಸ ಉಂಡೆಯಿಂದ ಎಳೆದ ಕೆಂಪು ದಾರ ಅವಳ ಹಲ್ಲುಗಳ ನಡುವೆ ಇತ್ತು.