ಚೀಟಿಯ ಮಡಿಕೆ

ಮತ್ತೆ ಅದೇ ಲುಲುಲು, ಮೂರನೆಯ ಮಹಡಿಯ ಉಮ್ಮು ವಲೀದಳದು, ಈ ಕಟ್ಟಡದಲ್ಲಿ ಬೇರೆ ಯಾರ ನಾಲಿಗೆ ಅಷ್ಟು ಹೊತ್ತು ಹೊರಳೀತು, ಮೆಟ್ಟಿಲುದ್ದಕ್ಕೂ ಇಳಿದು ಬಂದು ಅಡುಗೆಮನೆಗೇ ನುಗ್ಗುತ್ತದೆ, ಮದುವೆಗೂ ಅದೇ ಕೂಗು, ಮಗು ಹುಟ್ಟಿದರೂ ಅದೇ ಕೂಗು, ಈಗ ನಹ್ಲಾಳಿಗೆ ಸೀಟು ಸಿಕ್ಕಿದ್ದಕ್ಕೂ ಅದೇ, ಯಾವ ಸೀಟು, ಎಲ್ಲಿಯ ಸೀಟು ಎಂದು ಕೇಳುವ ಗೋಜೇ ಇಲ್ಲ. ನಹ್ಲಾ ಲೋಟಗಳಿಗೆ ಕೆಂಪು ಶರಬತ್ತು ಸುರಿಯುತ್ತಿದ್ದಾಳೆ, ಕೊನೆಯ ಲೋಟದ ಅಂಚು ಒಡೆದಿದೆ, ಅದು ತನಗೇ ಇರಲಿ. ಹಿಂದಿನಿಂದ ಅಮ್ಮ, ಮುಖ ಸ್ವಲ್ಪ ಅರಳಿಸೇ ಹುಡುಗಿ, ಬಂದೋರು ಏನಂದ್ಕೋತಾರೆ, ತಾಂತಾ ಅಂದ್ರೆ ಏನು ಕಡಿಮೇನಾ, ಬೆಳಗ್ಗೆ ಮೈಕ್ರೋಬಸ್ ಹತ್ತಿ ಹೋದ್ರೆ ಮಧ್ಯಾಹ್ನ ಊಟಕ್ಕೆ ವಾಪಸ್ ಮಹಲ್ಲಾದ ಮನೇಲಿರ್ತೀಯ, ಟೀಚರ್ ಆಗೋ ಹುಡುಗೀಗೆ ಬರೋ ಸಂಬಂಧಗಳೇ ಬೇರೆ. ಟೀಚರ್. ತಾಂತಾದ ಶಿಕ್ಷಣ ಕಾಲೇಜು. ಮೂರು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಓದಿದ್ದು ಅದಕ್ಕಲ್ಲ, ಕೈರೋಗೆ, ಆ ದೊಡ್ಡ ಗುಮ್ಮಟದ ವಿಶ್ವವಿದ್ಯಾಲಯಕ್ಕೆ, ಅದರ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರದ ಕಾಲೇಜಿಗೆ, ಅಲ್ಲಿಂದ ವಿದೇಶಾಂಗ ಇಲಾಖೆಗೆ, ಅಲ್ಲಿಂದ — ಇರಲಿ ಬಿಡು. ಅಂಕ ಸಾಲಲಿಲ್ಲ ಎಂದಿದ್ದರೆ ಅತ್ತು ಸುಮ್ಮನಾಗಬಹುದಿತ್ತು, ಎಷ್ಟೋ ಸಾವಿರ ಹುಡುಗಿಯರು ಇವತ್ತು ಅಳುತ್ತಿಲ್ಲವೇ, ಅವರ ಜೊತೆ ಇವಳೂ ಒಬ್ಬಳು, ಆದರೆ ಅಂಕ ಸಾಲುತ್ತಿತ್ತು, ಮಿಕ್ಕುತ್ತಿತ್ತು, ಲಮಿಯಾಳಿಗಿಂತ ಎರಡು ಅಂಕ ಹೆಚ್ಚು, ಮತ್ತು ಕೈರೋದ ಅದೇ ಕಾಲೇಜಿನಲ್ಲಿ ಲಮಿಯಾಳಿಗೆ ಸೀಟು ಸಿಕ್ಕಿದೆ. ಲಮಿಯಾಳಿಗೆ. ನರ್ಸರಿಯಿಂದ ಒಂದೇ ಬೆಂಚು, ಒಂದೇ ರೊಟ್ಟಿಯ ಎರಡು ಹೋಳು.

ಅರ್ಧ ಅಂಕಕ್ಕೆ ಸಾವಿರ ತಲೆ ಕಣ್ರೋ, ಟ್ಯೂಷನ್ ಮೇಷ್ಟ್ರು ಮೈಕ್ ಹಿಡಿದು ಕೂಗುತ್ತಿದ್ದರು, ಟ್ಯೂಷನ್ನಿಗೆಂದೇ ಹಿಡಿದ ಮದುವೆ ಹಾಲ್‌ನಲ್ಲಿ ನಾನೂರು ಜನ, ಫ್ಯಾನಿನ ಕೆಳಗಿನ ಕುರ್ಚಿಗಾಗಿ ಬೆಳಗ್ಗೆ ಏಳಕ್ಕೇ ಚೀಲ ಇಟ್ಟು ಬರಬೇಕು, ನೀವು ಆಕಳಿಸಿದ ಹೊತ್ತಲ್ಲಿ ಅಸ್ಯೂತ್‌ನಲ್ಲಿ ಒಬ್ಬ ಎರಡು ಪುಟ ಮುಗಿಸಿರ್ತಾನೆ, ಹೋದ ವರ್ಷ ಸಾಕಾದ ಅಂಕ ಈ ವರ್ಷ ಸಾಲಲ್ಲ, ಈ ವರ್ಷದ್ದು ಮುಂದಿನ ವರ್ಷ ಸಾಲಲ್ಲ. ಲಮಿಯಾ ಕಿವಿಯಲ್ಲಿ, ಅಸ್ಯೂತ್‌ನೋನು ಯಾವನೋ ನೋಡ್ಬೇಕಲ್ಲೇ, ಸಿಕ್ಕಿದ್ರೆ ಮದ್ವೆ ಆಗ್ಬಿಡ್ತೀನಿ, ಓದೋದು ತಪ್ಪುತ್ತೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿ ಮೇಷ್ಟ್ರು ಇಬ್ಬರನ್ನೂ ಹೊರಗೆ ಹಾಕಿದ್ದು. ಪರೀಕ್ಷೆಯ ದಿನಗಳಲ್ಲಿ ಶಾಲೆಯ ಗೇಟಿನಾಚೆ ಅಮ್ಮಂದಿರ ಸಾಲು, ಪ್ರಾರ್ಥನೆ ಪುಸ್ತಕ ಹಿಡಿದು ಫುಟ್‌ಪಾತಿನ ಮೇಲೇ ಕೂತವರು, ಆ ಹೆಂಗಸರ ನಡುವೆ ಒಬ್ಬನೇ ಗಂಡಸು, ಬಾಬಾ, ಅವಳ ಅಪ್ಪ, ಅಂಚೆ ಕಚೇರಿಗೆ ರಜೆ ಹಾಕಿ ಬಂದವನು, ಒದ್ದೆ ಟವೆಲ್ಲನ್ನು ಮೂರು ಮಡಿಕೆ ಮಾಡಿ ತಲೆಯ ಮೇಲೆ ಇಟ್ಟುಕೊಂಡು ನಿಂತಿದ್ದ, ಎಲ್ಲರೂ ನಗುತ್ತಿದ್ದರೂ ಅವನಿಗೆ ಪರಿವೆಯಿಲ್ಲ, ಹೇಗಿತ್ತು ರಾಯಭಾರಿಯವರೇ ಪ್ರಶ್ನೆಪತ್ರಿಕೆ, ಸರ್ಕಾರ ಉಳೀತಾ ಬಿತ್ತಾ. ರಾಯಭಾರಿಯವರೇ — ಅವಳಿಗೆ ಹತ್ತು ವರ್ಷವಾದಾಗಿನಿಂದ ಅದೇ ಹೆಸರು, ಎದುರುಮನೆಯವರು ತಮ್ಮ ಮಗನನ್ನು ತೊಟ್ಟಿಲಿನಲ್ಲೇ ಡಾಕ್ಟರೇ ಎಂದು ಕರೆದ ಹಾಗೆ ಬಾಬಾ ಇವಳನ್ನು ರಾಯಭಾರಿಯವರೇ ಎಂದ, ಹಾಳಾದ ಲಕೋಟೆಗಳ ಅಂಚೆಚೀಟಿ ತಂದು ಕೊಟ್ಟ, ಪೆರು ಎಲ್ಲಿದೆ ಹೇಳು, ನಾರ್ವೆ ಎಲ್ಲಿದೆ ಹೇಳು, ಇಲ್ಲೆಲ್ಲ ನೀನು ಹೋಗೋಳು, ನಾನು ಬರೀ ಕಾಗದ ಕಳಿಸೋನು. ಬಾಬಾ ಇಪ್ಪತ್ತೊಂಬತ್ತು ವರ್ಷದಿಂದ ಕಳಿಸುತ್ತಲೇ ಇದ್ದಾನೆ, ಆ ಕೈಗೆ ಕಾಗದ ಸಿಕ್ಕರೆ ಸಾಕು, ಕರೆಂಟ್ ಬಿಲ್ಲಾಗಲಿ, ಮದುವೆ ಕರೆಯೋಲೆಯಾಗಲಿ, ಔಷಧಿ ಅಂಗಡಿಯ ಪೊಟ್ಟಣವಾಗಲಿ, ಬಾಯಿ ಮಾತಾಡುತ್ತಿರುತ್ತದೆ ಕೈ ಮೂರು ಮಡಿಕೆ ಮಾಡಿರುತ್ತದೆ, ಲಕೋಟೆಯ ಅಳತೆಗೆ, ರೊಟ್ಟಿಯನ್ನೂ ಹಾಗೇ ಮಡಿಸಿ ತಿನ್ನುತ್ತಾನೆ, ಅಮ್ಮ, ಅದಕ್ಕೂ ಸ್ಟಾಂಪ್ ಹಚ್ರೀ. ಪಾಪ, ಮೂರು ದಿನದಿಂದ ಅವನೂ ಸರಿಯಾಗಿ ಉಂಡಿಲ್ಲ, ಮಗಳ ಮುಖ ನೋಡಲಾಗದೆ ಬಾಲ್ಕನಿಯಲ್ಲೇ ಕೂರುತ್ತಾನೆ.

ಮೂರು ದಿನ. ಫಲಿತಾಂಶ ಬಂದ ಮೊದಲ ದಿನ ಬರೀ ಅಳು, ಎರಡನೆಯ ದಿನ ಕಂಪ್ಯೂಟರ್ ತಪ್ಪಿರಬೇಕು ಎಂಬ ಹುಚ್ಚು ಆಸೆ, ಇವತ್ತು ಬೆಳಗ್ಗೆ ಪ್ರವೇಶ ಕಚೇರಿಯ ತಾಣವನ್ನು ತೆರೆದು ನೋಡುತ್ತಾಳೆ, ಅವಳ ಆಯ್ಕೆಗಳ ಪಟ್ಟಿ, ಮೊದಲನೆಯ ಆಯ್ಕೆ ಕೈರೋ ಇರಬೇಕಾದಲ್ಲಿ ತಾಂತಾ, ಎರಡನೆಯದೂ ತಾಂತಾ, ಕೈರೋ ಹನ್ನೊಂದನೆಯದು, ಮೂಲೆಗೆ ತಳ್ಳಿದ ಮುದುಕಿಯ ಹಾಗೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಕೊನೆಯ ತಿದ್ದುಪಡಿ ಬುಧವಾರ ಬೆಳಗ್ಗೆ ಹನ್ನೊಂದು ನಲವತ್ತು. ಬುಧವಾರವೇ ಕಡೆಯ ದಿನ, ಮಧ್ಯಾಹ್ನಕ್ಕೆ ತಾಣ ಮುಚ್ಚಿತು, ಆಮೇಲೆ ದೇವರೇ ಬಂದರೂ ಪಟ್ಟಿ ತಿದ್ದುವಂತಿಲ್ಲ. ಯಾರೋ ಒಳಗೆ ಹೊಕ್ಕಿದ್ದಾರೆ. ಹೊಗಬೇಕಾದರೆ ಗುಟ್ಟಿನ ಸಂಖ್ಯೆ ಬೇಕು, ಶಾಲೆಯವರು ಅಂಕಪಟ್ಟಿಯ ಜೊತೆ ಕೊಟ್ಟ ಅಂಗೈಯಗಲದ ಚೀಟಿಯಲ್ಲಿ ಬರೆದದ್ದು, ಅಮ್ಮನಿಗೂ ತೋರಿಸಬೇಡಿ ಎಂದು ಹೆಡ್‌ಮಿಸ್ ಹೇಳಿ ಹೇಳಿ ಕೊಟ್ಟದ್ದು, ನಹ್ಲಾ ಅದನ್ನು ನಾಲ್ಕಾಗಿ ಮಡಿಸಿ ಫೋನಿನ ಬೆನ್ನಿಗೆ, ಕವಚದ ಒಳಗೆ ಇಟ್ಟಿದ್ದಳು, ನಾಲ್ಕಾಗಿ ಮಡಿಸಿದರೆ ಮಾತ್ರ ಅಲ್ಲಿ ಕೂರುತ್ತದೆ. ಬೆಳಗ್ಗೆ ತೆಗೆದು ಮೇಜಿನ ಮೇಲೆ ಹರಡಿದಾಗ ಒಂದು ಕೂಡಿಸುವ ಗುರುತಿನಂಥ ಗೆರೆ, ಅದು ತನ್ನದು, ಅದರ ಜೊತೆಗೆ ಇನ್ನೆರಡು ಅಡ್ಡಗೆರೆ, ಚೂಪಾದ ಗೆರೆಗಳು, ಅಳತೆಪಟ್ಟಿ ಇಟ್ಟು ಒತ್ತಿದಂತೆ, ಅವು ತನ್ನವಲ್ಲ. ಯಾರೋ ಬಿಡಿಸಿದ್ದಾರೆ, ಯಾರೋ ಬೇರೆ ಥರ ಮಡಿಸಿದ್ದಾರೆ, ಆಮೇಲೆ ನೆನಪಾಗಿ ಮತ್ತೆ ನಾಲ್ಕು ಮಾಡಿ ಇಟ್ಟಿದ್ದಾರೆ. ಆ ಎರಡು ಅಡ್ಡಗೆರೆ ಕಣ್ಣಿಗೆ ಕಟ್ಟಿದಂತೆ ಕೂತಿವೆ, ಶರಬತ್ತಿನಲ್ಲೂ ಅವೇ, ಗೋಡೆಯಲ್ಲೂ ಅವೇ. ಯಾರು ಎಂದು ತಲೆ ಕೆಡಿಸಿಕೊಳ್ಳುವುದೇನು ಬಂತು, ಬುಧವಾರಕ್ಕೆ ಕೆಲವು ದಿನ ಮೊದಲು ಪಟ್ಟಿ ತುಂಬಿದ್ದು ಲಮಿಯಾಳ ಮನೆಯಲ್ಲಿ, ಅವಳ ಅಣ್ಣನ ಕಂಪ್ಯೂಟರಿನಲ್ಲಿ, ಮೊದಲು ಇವಳದು ಆಮೇಲೆ ಅವಳದು, ಇಬ್ಬರೂ ಒಟ್ಟಿಗೇ ಬಿಸ್ಮಿಲ್ಲಾ ಅಂದು ಗುಂಡಿ ಒತ್ತಿದ್ದರು, ಇವಳ ಫೋನು ಅವರ ಸೋಫಾದ ಮೇಲೆ, ಇವಳು ಕೈತೊಳೆಯಲು ಹೋದಾಗ ಎಷ್ಟು ಹೊತ್ತು ಬೇಕು ಒಂದು ಚೀಟಿ ನೋಡಲು. ಕಾರಣವೂ ಇದೆಯಲ್ಲ, ಲಮಿಯಾ ಸರಿಯಾಗಿ ಗೆರೆಯ ಮೇಲೆ ನಿಂತಿದ್ದಳು, ಒಳಗೆ ಬಂದವರಲ್ಲಿ ಅವಳದೇ ಕೊನೆಯ ಅಂಕ, ಮುಂದಿರುವ ಒಬ್ಬಳು ಜಾಗ ಖಾಲಿ ಮಾಡಿದರೆ ಹಿಂದಿರುವವಳು ಒಳಗೆ. ಒಬ್ಬಳು ಖಾಲಿ ಮಾಡಿದಳು. ಒಬ್ಬಳು ಒಳಗೆ.

ಬೆಳಗ್ಗೆಯೇ ಫೋನ್ ಮಾಡಿದ್ದು ತಪ್ಪೇ, ಇಲ್ಲ, ತಪ್ಪಲ್ಲ, ಹಲೋ ಅನ್ನುವುದಕ್ಕೂ ಬಿಡಲಿಲ್ಲ ಇವಳು, ಅಭಿನಂದನೆ ಕಣೇ, ನನ್ನ ಸೀಟು ಮೆತ್ತಗಿದ್ಯಾ, ಚೆನ್ನಾಗಿ ಕೂತ್ಕೋ. ಅಯ್ಯೋ ಏನ್ ಹೇಳ್ತಿದೀಯ ನಹ್ಲಾ. ಗೊತ್ತಿಲ್ದೋಳ ಥರ ಆಡ್ಬೇಡ, ಬುಧವಾರ ಎಲ್ಲಿದ್ದೆ. ಅತ್ತೆ ಮನೇಲಿ, ಅತ್ತೆ ಮಗು ಹುಟ್ಟಿದ ಏಳನೇ ದಿನದ ಹಬ್ಬ, ನಿಂಗೂ ಬಾ ಅಂದಿದ್ನಲ್ಲೇ. ನಿಮ್ಮತ್ತೆ ಮನೇಲಿ ಇಂಟರ್‌ನೆಟ್ ಇಲ್ವಾ. ಆ ಕಡೆಯಿಂದ ಸಣ್ಣ ದನಿಯಲ್ಲಿ, ನೀನಿಲ್ದೆ ನಾನೊಬ್ಳೇ ಹಾಸ್ಟೆಲಲ್ಲಿ ಹೇಗಿರ್ಲಿ ಅಂತ ಮೂರು ದಿನದಿಂದ ಅಳ್ತಿದೀನಿ ಕಣೇ, ನೀನು ನೋಡಿದ್ರೆ — ಇವಳು ಫೋನ್ ಕತ್ತರಿಸಿದಳು. ನಾಟಕ. ಶಾಲೆಯ ನಾಟಕದಲ್ಲೂ ಅಳುವ ಪಾತ್ರ ಅವಳದೇ ಆಗಿರುತ್ತಿತ್ತು. ಸಿಟ್ಟು ಸೀಟು ಹೋದದ್ದಕ್ಕಲ್ಲ, ಅದಕ್ಕೂ ಹೌದು, ಆದರೆ ಹದಿನೈದು ವರ್ಷ ಪಕ್ಕದಲ್ಲಿ ಕೂತವಳು ಚೀಟಿ ಬಿಡಿಸುವಾಗ ಒಂದು ಸಲವಾದರೂ ಇವಳ ಮುಖ ನೆನೆಯಲಿಲ್ಲವೇ. ತಾನೇ ಬೇರೆಲ್ಲಾದರೂ ಫೋನು ಬಿಟ್ಟಿದ್ದಳೇ ಎಂದೂ ಯೋಚಿಸಿ ನೋಡಿದ್ದಾಳೆ, ನ್ಯಾಯ ಅಂದರೆ ನ್ಯಾಯ, ಬುಧವಾರವಂತೂ ಫೋನು ಮನೆಯಲ್ಲೇ ಇರಲಿಲ್ಲ, ಬಾಬಾನ ಜೇಬಿನಲ್ಲಿತ್ತು, ಒಡೆದ ಗಾಜಿನಲ್ಲಿ ಎಷ್ಟು ದಿನ ಕಣ್ಣು ಹಾಳ್ಮಾಡ್ಕೋತೀಯ ಕೊಡು, ಕಚೇರಿ ಪಕ್ಕದಲ್ಲೇ ಅಂಗಡಿ ಇದೆ, ಹಾಕಿಸ್ಕೊಂಡು ಬರ್ತೀನಿ, ರಾಯಭಾರಿಗಳ ಫೋನು ಹೀಗಿರುತ್ತಾ ಎಂದು ಬೆಳಗ್ಗೆ ಒಯ್ದವನು ಮಧ್ಯಾಹ್ನ ಹೊಸ ಗಾಜು ಹಾಕಿಸಿ ತಂದ, ಜೊತೆಗೆ ಅರ್ಧ ಕಿಲೋ ಬಸ್ಬೂಸಾ, ಆ ಸಿಹಿ ಯಾಕೆಂದು ಅಮ್ಮ ಕೇಳಿದ್ದಕ್ಕೆ ಸುಮ್ಮನೆ, ಹುಡುಗಿ ತಿನ್ನಲಿ ಅಂತ. ಇವಳು ಅವನ ಕೈಗೆ ಮುತ್ತಿಟ್ಟಳು, ಕೈ ತಣ್ಣಗಿತ್ತು, ಆಗಸ್ಟ್ ಬಿಸಿಲಲ್ಲಿ ನಡೆದು ಬಂದವನ ಕೈ. ಅಂದರೆ ಫೋನು ಭದ್ರವಾದ ಕೈಯಲ್ಲೇ ಇತ್ತು. ಅಂಗಡಿಯವನೇನು ಚೀಟಿ ನೋಡಿ ತಾಂತಾ ಕಾಲೇಜು ಆರಿಸುತ್ತಾನೆಯೇ, ಅವನಿಗೇನು ಬಂತು. ಲಮಿಯಾಳೇ. ಸುತ್ತಿ ಸುತ್ತಿ ಬಂದರೂ ಲಮಿಯಾಳೇ.

ಆದ್ದರಿಂದ ದೂರು, ಫಲಿತಾಂಶ ಬಂದ ಮೂರು ದಿನದೊಳಗೆ ಅಂಚೆಗೆ ಹಾಕಿದರೆ ಪರಿಶೀಲಿಸುತ್ತಾರೆ, ಅಂದರೆ ಇವತ್ತೇ ಕಡೆ, ಸಂಖ್ಯೆ ಕದ್ದವರು ಯಾರೆಂದು ಅನುಮಾನ, ಹೆಸರು ಬರೆಯಿರಿ ಎಂದು ನಮೂನೆಯಲ್ಲಿ ಖಾಲಿ ಜಾಗವೇ ಇತ್ತು, ನಹ್ಲಾ ಬರೆದಳು, ಲಮಿಯಾ, ಅವಳ ಅಪ್ಪನ ಹೆಸರು, ಅಜ್ಜನ ಹೆಸರು, ಪೂರ್ತಿ ವಿಳಾಸ, ನೋಡಿಕೊಳ್ಳದೆ ಬರೆಯಬಲ್ಲ ವಿಳಾಸ. ನಿಜವೆಂದು ಸಾಬೀತಾದರೆ ಅವಳ ಸೀಟು ರದ್ದು, ಎರಡು ವರ್ಷ ಯಾವ ವಿಶ್ವವಿದ್ಯಾಲಯದ ಬಾಗಿಲೂ ಇಲ್ಲ, ರದ್ದಾಗಲಿ, ಆಗಲಿ — ಶರಬತ್ತಿನ ತಟ್ಟೆ ಎತ್ತಿಕೊಳ್ಳುತ್ತಾಳೆ, ಮತ್ತೆ ಇಡುತ್ತಾಳೆ, ಬಾಗಿಲಲ್ಲಿ ಬಾಬಾ ನಿಂತಿದ್ದಾನೆ, ಅರ್ಧ ದಿನ ರಜೆ ಹಾಕಿ ಬಂದವನು, ಗಡ್ಡ ಬೋಳಿಸಿಲ್ಲ. ಅದೇನದು ಮಗಳೇ. ದೂರು ಬಾಬಾ, ಕೈರೋಗೆ, ಈಗ್ಲೇ ಹೋಗಿ ರಿಜಿಸ್ಟರ್ ಮಾಡಿಸ್ಬೇಕು. ನೋಡೋಣ ಕೊಡು. ಮೂಗಿನ ಮೇಲೆ ಕನ್ನಡಕ ಇಳಿಸಿ ಓದುತ್ತಾನೆ, ಮೊದಲ ಸಾಲು, ಎರಡನೆಯದು, ಹೆಸರಿನ ಹತ್ತಿರ ಬಂದು ನಿಲ್ಲುತ್ತಾನೆ, ತುಟಿ ಅಲ್ಲಾಡುತ್ತದೆ, ಲಮಿಯಾ, ಈ ಮನೆಯ ರಂಜಾನ್ ಊಟಕ್ಕೆ ಪ್ರತಿ ವರ್ಷ ಬಂದು ಕೂತ ಹುಡುಗಿ, ಬಾಬಾನಿಗೆ, ಅಂಕಲ್ ಶೌಕಿ ನಂಗೂ ಪೆರು ಅಂಚೆಚೀಟಿ ಕೊಡಿ ಅಂದವಳು, ಈಗ ಬೇಡ ಅನ್ನಬಹುದು, ಪಾಪ ಅವಳ ಭವಿಷ್ಯ ಅನ್ನಬಹುದು, ಅವನದು ಮೆತ್ತನೆಯ ಮನಸ್ಸು, ಇವಳು ಜಗಳಕ್ಕೆ ಮಾತು ಜೋಡಿಸಿಕೊಳ್ಳುತ್ತಿದ್ದಾಳೆ. ಕೆಳಗಿಳಿದು ಬಂದು ಹೊರಗಿನ ಕೋಣೆಯಲ್ಲಿ ಕೂತ ಉಮ್ಮು ವಲೀದ್, ಶರಬತ್ತು ಬರುತ್ತೋ, ಹುಡುಗಿ ಡಿಗ್ರಿ ಮುಗಿಸಿ ತರ್ತಾಳೋ. ಬಾಬಾ ಕನ್ನಡಕ ತೆಗೆದ. ಸರಿ ಮಗಳೇ, ಅಂದ, ಇವಳನ್ನು ನೋಡದೆ, ಶರಬತ್ತನ್ನು ನೋಡುತ್ತ, ಎಲ್ಲಾ ನಸೀಬು, ಹೆಣ್ಣುಮಗಳು ಕಣ್ಮುಂದೆ ಇದ್ರೆ ಒಳ್ಳೇದೇ ಅಲ್ವಾ, ಆದ್ರೂ ಕೊಡು, ನಾನೇ ರಿಜಿಸ್ಟರ್ ಮಾಡಿಸ್ತೀನಿ. ಬಾಯಿ ಅದನ್ನು ಹೇಳುತ್ತಿದೆ, ಕೈ ಆಗಲೇ ಕಾಗದದ ಮೂರನೆಯ ಒಂದು ಭಾಗ ಎತ್ತಿ ಮಡಿಸಿದೆ, ಹೆಬ್ಬೆರಳಿನ ಉಗುರು, ಸೀಲಿನ ನೇರಳೆ ಮಸಿ ಎಂದೂ ಹೋಗದ ಆ ಉಗುರು, ಗೆರೆಯ ಈ ತುದಿಯಿಂದ ಆ ತುದಿಗೆ ಸರ್ರೆಂದು, ಚೂಪಾಗಿ, ಅಳತೆಪಟ್ಟಿ ಇಟ್ಟು ಒತ್ತಿದಂತೆ — ಹೊಸ ಗಾಜು, ಬಸ್ಬೂಸಾ, ತಣ್ಣಗಿನ ಕೈ, ನಾನು ಮುತ್ತಿಟ್ಟ ಕೈ — ಬಾಬಾ ಎನ್ನಬೇಕು, ಕಾಗದ ಕಿತ್ತುಕೊಳ್ಳಬೇಕು, ಅವಳ ಹೆಸರಿದೆ ಅದರಲ್ಲಿ, ಲಮಿಯಾಳ ಹೆಸರು, ನಿನಗೆ ಗೊತ್ತಿದ್ದೂ — ಎರಡನೆಯ ಮಡಿಕೆ, ಮತ್ತೆ ಆ ಉಗುರು, ಈ ತುದಿಯಿಂದ ಆ ತುದಿಗೆ, ಆ ಉಗುರು, ಎರಡು ಅಡ್ಡಗೆರೆ.