ಹಸಿರು ಎಲೆಯ ಪೊಟ್ಟಣ

"ಮತ್ತೆ ಇದೇ ದುಬಾರಿದು ಬೇಕೇನಮ್ಮ?" ಎಂದು ಕೇಳಿದ ಔಷಧಿ ಅಂಗಡಿಯವನು, ಹಸಿರು ಎಲೆಯ ಚಿತ್ರವಿದ್ದ ಡಯಾಪರ್ ಪೊಟ್ಟಣವನ್ನು ಮೇಲಿನಿಂದ ಇಳಿಸುತ್ತ. "ಈ ದುಡ್ಡಿಗೆ ಮಾಮೂಲಿದು ಎರಡು ಬರುತ್ತೆ."

"ಬರಲಿ ಬಿಡಿ," ಎಂದಳು ಅವಳು, ಹೆಗಲ ಮೇಲಿನ ಮಗುವನ್ನು ಸರಿಮಾಡಿಕೊಳ್ಳುತ್ತ. "ಇದರಲ್ಲಿ ಕೆಮಿಕಲ್ಲು, ಸೆಂಟು ಏನೂ ಇಲ್ವಂತೆ. ಹತ್ತಿ, ಬಿದಿರು ಅಷ್ಟೇ ಅಂತೆ."

"ಅಂತೆ!" ಎಂದು ಅವನು ನಕ್ಕ. ಅವಳೂ ನಕ್ಕಳು. ಬೆಳಗಿನಿಂದ ದೊಡ್ಡವರೊಬ್ಬರ ಜೊತೆ ಅವಳು ಆಡಿದ್ದು ಅಷ್ಟೇ ಮಾತು. ಇನ್ನೆರಡು ಮಾತು ಸಿಕ್ಕೀತೇನೋ ಎಂದು ಚಿಲ್ಲರೆಯನ್ನು ನಿಧಾನವಾಗಿ ಎತ್ತಿಕೊಂಡಳು. ಅಷ್ಟರಲ್ಲಿ ಹಿಂದಿದ್ದವರು ಕೆಮ್ಮಿನ ಸಿರಪ್ ಕೇಳಿದರು.

ಅವಳು ಮನೆಯಲ್ಲೇ ಅಂಗಿ, ಪರದೆ ಹೊಲಿಯುವವಳು. ಗಂಡ ದೂರದೂರಿಗೆ ಲಾರಿ ಓಡಿಸುವವನು. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಐದು ತಿಂಗಳ ಮಗನ ತೊಡೆಸಂದು ಮೊದಲ ಸಲ ಕೆಂಪಾದಾಗ ಏನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಕೇಳೋಣವೆಂದರೆ ಅಮ್ಮನಿಲ್ಲ, ಅತ್ತೆಯಿಲ್ಲ. ಫೋನಿನಲ್ಲಿ ಬರುವ ಜಾಹೀರಾತೇ ಹಿರಿಯರು. ಅಗ್ಗದ್ದು ಹಾಕಿ ಮಗುವನ್ನು ಹಾಳುಮಾಡಿದಳು ಎಂದು ಯಾರೂ ಆಡಿಕೊಳ್ಳಬಾರದೆಂದು ಇದನ್ನು ತಂದಳು. ಪಾಪ, ಆಡಿಕೊಳ್ಳುವುದಕ್ಕಾದರೂ ಯಾರಿದ್ದರು!

ಎರಡು ವಾರವಾದರೂ ಕೆಂಪು ಹೋಗಿರಲಿಲ್ಲ. ಅಂಗಡಿಯಿಂದ ಬಂದು ಬಿಚ್ಚಿ ನೋಡಿದರೆ ಚರ್ಮವೇ ಸುಲಿದಿತ್ತು. ಪೊಟ್ಟಣವನ್ನು ಕುರ್ಚಿಯ ಮೇಲೆ ಎಸೆದು ಆಸ್ಪತ್ರೆಗೆ ಓಡಿದಳು.

"ದಿನಕ್ಕೆ ಎಷ್ಟು ಬದಲಾಯಿಸ್ತೀಯ?" ಕೇಳಿದಳು ಹಿರಿಯ ನರ್ಸು, ಮುಲಾಮು ಹಚ್ಚುತ್ತ.

"ಮೂರು."

"ಮೊದಲು?"

"ಏಳೆಂಟು. ಆ ಮಾಮೂಲಿದರಲ್ಲಿ ಹಳದಿ ಗೆರೆ ಇರ್ತಿತ್ತು, ಒದ್ದೆಯಾದ್ರೆ ನೀಲಿಯಾಗೋದು. ತಕ್ಷಣ ತೆಗೀತಿದ್ದೆ. ಇದರಲ್ಲಿ ಗೆರೇನೇ ಇಲ್ಲ. ಮತ್ತೆ..." ಅವಳು ತಡವರಿಸಿದಳು. "ಅಷ್ಟು ದುಡ್ಡು ಕೊಟ್ಟು ತಂದಿದ್ದನ್ನ ಒಂದೇ ಉಚ್ಚೆಗೆ ಬಿಸಾಕೋಕೆ ಮನಸ್ಸು ಬರಲಿಲ್ಲ."

ಅಂಗೈಯಗಲ ಬಟ್ಟೆಯೂ ಪೋಲಾಗದಂತೆ ಕತ್ತರಿ ಆಡಿಸಿದ ಕೈ ಅದು. ಇಲ್ಲಿಯೂ ಹಾಗೇ ಉಳಿಸಲು ಹೋಗಿ, ಉಳಿಸಿದ್ದೆಲ್ಲ ಮಗುವಿನ ಮೈಮೇಲೆ ಬಂದಿತ್ತು. ಅವಳಿಗೆ ಅಳು ಒತ್ತರಿಸಿ ಬಂತು.

ನರ್ಸು ಬೈಯಲಿಲ್ಲ. "ಮೊದಲು ಬಂದ ಕೆಂಪು ಎಲ್ಲ ಮಕ್ಕಳಿಗೂ ಬರೋದೇ. ಎಲೆ ಚಿತ್ರ ಇದ್ರೂ ಒದ್ದೆ ಒದ್ದೇನೇ ಕಣಮ್ಮ. ಯಾವುದಾದ್ರೂ ಹಾಕು, ಬೇಗ ಬೇಗ ತೆಗಿ. ಈಗ ಮೂರು ದಿನ ಆದಷ್ಟು ಬರಿಮೈಲಿ ಬಿಡು. ಪಕ್ಕದಲ್ಲಿ ಯಾರಾದ್ರೂ ಇರಬೇಕಾಗುತ್ತೆ. ಮನೇಲಿ ಇದ್ದಾರೆ ತಾನೇ?"

"ಇದ್ದಾರೆ," ಎಂದುಬಿಟ್ಟಳು.

ಮನೆಗೆ ಬಂದು, ಕಿಟಕಿಯ ಇಳಿಬಿಸಿಲಿನಲ್ಲಿ ಹಳೆಯ ಹೊದಿಕೆ ಹಾಸಿ ಮಗನನ್ನು ಬರಿಮೈಯಲ್ಲಿ ಮಲಗಿಸಿದಳು. ಅವನು ಕಾಲೆತ್ತಿ ಹೆಬ್ಬೆರಳನ್ನು ಬಾಯಿಗಿಡಲು ಹೆಣಗಾಡಿದ. ಗಾಳಿ ತಾಗಿದ್ದೇ ತಡ, ಸೊರ್ರೆಂದು ಉಚ್ಚೆ ಚಿಮ್ಮಿ, ನಾಳೆ ಕೊಡಬೇಕಿದ್ದ ಪರದೆಯ ಮೇಲೆ ಬಿತ್ತು. ಅವನಿಗೇ ಅಚ್ಚರಿಯಾಗಿ ಕಣ್ಣರಳಿಸಿದ.

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು.

"ಅಯ್ಯೋ, ನೋಡಿ ಈ ಕಳ್ಳನ್ನ!" ಎಂದು ಕೂಗಿ ಹಿಂದೆ ತಿರುಗಿದಳು.

ಕುರ್ಚಿಯ ಮೇಲೆ ಇನ್ನೂ ಒಡೆಯದ ಪೊಟ್ಟಣವಷ್ಟೇ ಇತ್ತು.